ಚಿಕಾಗೋದಲ್ಲಿ ಮನೆ ಎಲ್ಲಿ ಮಾಡೋದು: ಹೈಡ್ ಪಾರ್ಕಾ, ಪಿಲ್ಸನ್ನಾ, ರೋಜರ್ಸ್ ಪಾರ್ಕಾ, ಇಲ್ಲಾ ಸೀದಾ ನೇಪರ್‌ವಿಲ್ಲಾ?

ಚಿಕಾಗೋಗೆ ಕೆಲಸ ಸಿಕ್ಕಿ ಬರೋ ನಮ್ಮೋರು ಮೊದಲು ಕೇಳೋದೇ "ಗುರೂ, ಯಾವ ಏರಿಯಾ ಸೇಫು?" ಅಂತ. ಬಾಡಿಗೆ ಎಷ್ಟು ಅನ್ನೋದು ಆಮೇಲೆ. ನಾಲ್ಕು ಕಡೆ ಇದ್ದು ನೋಡಿದ ಮೇಲೆ ನಂಗೆ ಎರಡೂ ಒಂದೇ ಪ್ರಶ್ನೆ ಅನ್ಸಿದೆ, ಯಾಕಂದ್ರೆ ಈ ಊರಲ್ಲಿ ನಾವು ದುಡ್ಡು ಕೊಡೋದು ಬೆಡ್‌ರೂಮಿಗಿಂತ ಹೆಚ್ಚಾಗಿ ಪಕ್ಕದ ಮನೇಲಿ ಯಾರಿದಾರೆ ಅನ್ನೋದಕ್ಕೆ. ಏಜೆಂಟ್ ಹತ್ರ "ಸೇಫಾ?" ಅಂತ ಕೇಳಿ ನೋಡಿ, ಬಾಯೇ ಬಿಡಲ್ಲ, ಕ್ರೈಮ್ ಮ್ಯಾಪ್ ನೀವೇ ನೋಡ್ಕೊಳಿ ಅಂತಾನೆ. 1968ರ ಫೇರ್ ಹೌಸಿಂಗ್ ಆಕ್ಟ್ ಪ್ರಕಾರ ಗಿರಾಕಿಯ ಬಣ್ಣ ನೋಡಿ ಇಂಥಾ ಏರಿಯಾಗೆ ಹೋಗು, ಇಂಥಾದ್ದಕ್ಕೆ ಬೇಡ ಅಂತ ದಬ್ಬೋ ಹಾಗಿಲ್ಲ, ಅದಕ್ಕೆ ಅವನಿಗೆ ಭಯ. ನಮ್ಮ ವಾಟ್ಸಾಪ್ ಗ್ರೂಪಿಗೆ ಆ ಭಯ ಇಲ್ಲ, "ಆ ಕಡೆ ಬೇಡ, 'ಅವರು' ಜಾಸ್ತಿ" ಅಂತ ಸೀದಾ ಬರೀತಾರೆ, ಬರೆದೋರು ಆ ಕಡೆ ಕಾರಿಂದ ಇಳಿದೂ ಇರಲ್ಲ.

ಊರಲ್ಲಿ ಸುಮಾರು 27 ಲಕ್ಷ ಜನ, ಬಿಳಿಯರು, ಕಪ್ಪು ಜನ, ಲ್ಯಾಟಿನೋ ಮೂರೂ ಹೆಚ್ಚುಕಮ್ಮಿ ಸಮ. ಆದ್ರೆ ಬೆರೆತು ಬದುಕೋದು ಕಮ್ಮಿ, ಅದೂ ತಾನಾಗೇ ಆಗಿದ್ದಲ್ಲ. 1930ರ ದಶಕದ ಕೊನೇಲಿ ಫೆಡರಲ್ ಏಜೆನ್ಸಿಯೊಂದು ಏರಿಯಾಗಳಿಗೆ ಗ್ರೇಡ್ ಕೊಟ್ಟು ಮ್ಯಾಪ್ ಮಾಡ್ತು, ಕಪ್ಪು ಜನ ಇದ್ದ ಕಡೆ ಹೆಚ್ಚಾಗಿ ಕೆಂಪು ಬಣ್ಣ, ಕೆಂಪು ಅಂದ್ರೆ ಸಾಲ ಕೊಟ್ರೆ ರಿಸ್ಕು ಅಂತ. ಸಾಲ ಹುಟ್ಟದ ಕಡೆ ಮನೆ ರಿಪೇರಿ ಆಗಲ್ಲ, ಬೆಲೆ ಏರಲ್ಲ, ಅಂಗಡಿ ಬರಲ್ಲ, ಆಮೇಲೆ ನಾವು ಬಂದು "ಏರಿಯಾ ಸರಿಯಿಲ್ಲ" ಅಂತೀವಿ.

ಹೈಡ್ ಪಾರ್ಕ್ ನಂಗೆ ತುಂಬಾ ಇಷ್ಟ ಆಗಿದ್ದು, ತುಂಬಾ ಕಿರಿಕಿರಿ ಆಗಿದ್ದೂ ಅಲ್ಲೇ. ಯೂನಿವರ್ಸಿಟಿ ಆಫ್ ಚಿಕಾಗೋ ಇದೆ, ಪುಸ್ತಕದಂಗಡಿ ಇದೆ, ಮೆಟ್ರಾ ರೈಲು ಹತ್ತಿದ್ರೆ ಬೇಗ ಡೌನ್‌ಟೌನ್. ಬೇಸಿಗೆ ಸಂಜೆ ಪ್ರೊಮೊಂಟರಿ ಪಾಯಿಂಟ್‌ಗೆ ಹೋದ್ರೆ ಸುಣ್ಣದಕಲ್ಲಿನ ಮೆಟ್ಟಿಲ ಮೇಲೆ ಒಂದು ಕಡೆ ಕಪ್ಪು ಕುಟುಂಬದೋರು ಗ್ರಿಲ್ ಹಚ್ಚಿರ್ತಾರೆ, ಪಕ್ಕದಲ್ಲೇ ಪ್ರೊಫೆಸರ್ ತರ ಕಾಣೋ ಅಜ್ಜ ಒಬ್ಬರು ಮಿಷಿಗನ್ ಕೆರೆಗೆ (ಕೆರೆ ಅಂತೀನಿ, ನೋಡಿದ್ರೆ ಸಮುದ್ರ) ಹಾರ್ತಿರ್ತಾರೆ, ಅಮೆರಿಕದಲ್ಲಿ ಇಷ್ಟು ಸಲೀಸಾಗಿ ಬೆರೆತ ಜಾಗ ನಾನು ಬೇರೆ ನೋಡಿಲ್ಲ. ಆದ್ರೆ ಈ ಬೆರಕೆಗೆ ಬೌಂಡರಿ ಇದೆ. 55ನೇ ನಂಬರ್ ಬಸ್ ಹತ್ತಿ ಪಶ್ಚಿಮಕ್ಕೆ ಹೋಗಿ, ಕಾಟೇಜ್ ಗ್ರೋವ್ ರಸ್ತೆ ದಾಟಿದ್ರೆ ಲಗೇಜ್ ಹಿಡ್ಕೊಂಡು ಮಿಡ್‌ವೇ ಏರ್‌ಪೋರ್ಟಿಗೆ ಹೊರಟ ಸ್ಟೂಡೆಂಟ್‌ಗಳು ಬಿಟ್ರೆ ಬಸ್ಸೆಲ್ಲ ಕಪ್ಪು ಜನಾನೇ. ಆ ರಸ್ತೆ ದಾಟ್ಬೇಡ ಅಂತ ಹೊಸಬರಿಗೆ ಹೇಳೋ ಸೀನಿಯರ್‌ಗಳಲ್ಲಿ ನಮ್ಮ ದೇಸಿಗಳದ್ದೇ ಮುಂದಾಳ್ತನ.

ಇದರ ಹಿಂದೆ ಕಾಗದ ಪತ್ರ ಇದೆ. ಆಗಿನ ಕಾಲದಲ್ಲಿ ಈ ಸುತ್ತಮುತ್ತ ಮನೆಪತ್ರದಲ್ಲೇ ಕಪ್ಪು ಜನಕ್ಕೆ ಮಾರಬಾರದು, ಬಾಡಿಗೆಗೂ ಕೊಡಬಾರದು ಅಂತ ಕರಾರು ಇರ್ತಿತ್ತು, ಅದಕ್ಕೆ ಯೂನಿವರ್ಸಿಟಿಯ ಬೆಂಬಲಾನೂ ಇತ್ತು. 1937ರಲ್ಲಿ ಕಾರ್ಲ್ ಹ್ಯಾನ್ಸ್‌ಬೆರಿ ಅನ್ನೋ ಕಪ್ಪು ಜನಾಂಗದೋರು ಸ್ವಲ್ಪ ದಕ್ಷಿಣಕ್ಕೆ ಮನೆ ತಗೊಂಡ್ರು, ನೆರೆಯೋರು ಕೋರ್ಟಿಗೆಳೆದ್ರು, 1940ರಲ್ಲಿ ಸುಪ್ರೀಂ ಕೋರ್ಟಲ್ಲಿ ಅವರು ಗೆದ್ರು, ಆದ್ರೂ ಟೆಕ್ನಿಕಲ್ ಪಾಯಿಂಟ್ ಮೇಲೆ. ಇಂಥಾ ಕರಾರುಗಳನ್ನ ಕೋರ್ಟ್ ಜಾರಿ ಮಾಡೋ ಹಾಗಿಲ್ಲ ಅಂತ ತೀರ್ಪು ಬಂದಿದ್ದು 1948ರಲ್ಲಿ. ನಾನು ಅಲ್ಲಿದ್ದಾಗ ಒಂದು ಬೆಡ್‌ರೂಮಿಗೆ ಸುಮಾರು 1,600 ಡಾಲರ್ ಕೊಡ್ತಿದ್ದೆ, ಅದರಲ್ಲಿ ಒಂದಷ್ಟು ಆ ಹಳೇ ಗೆರೆಯ ಬೆಲೆ ಅಂತಾನೇ ನನ್ನ ಲೆಕ್ಕ. ಪಕ್ಕದ ಜಾಕ್ಸನ್ ಪಾರ್ಕಿಗೆ ಮಾಜಿ ಅಧ್ಯಕ್ಷ ಒಬಾಮಾ ಹೆಸರಿನ ಮ್ಯೂಸಿಯಂ ಸೆಂಟರ್ ಬರುತ್ತೆ ಅಂದ ಕೂಡ್ಲೇ ಅಲ್ಲೇ ಪಕ್ಕದ ವುಡ್‌ಲಾನ್ ಏರಿಯಾದ ಕಪ್ಪು ಜನಕ್ಕೆ ಬಂದ ಚಿಂತೆ ಬಾಡಿಗೆದು, ಹೋರಾಡಿ ಹೋರಾಡಿ 2020ರಲ್ಲಿ ಅವರ ಮನೆಗಳನ್ನ ಉಳಿಸೋಕೆ ಸಿಟಿ ಕೌನ್ಸಿಲ್ ಒಂದು ಆರ್ಡಿನೆನ್ಸ್ ತಂತು.

ಪಿಲ್ಸನ್ ನೋಡೋಕೆ ಚೆಂದ, 16ನೇ ಸ್ಟ್ರೀಟಿನ ರೈಲ್ವೆ ಗೋಡೆ ತುಂಬಾ ಮ್ಯೂರಲ್, ಬೆಳಿಗ್ಗೆ ಪಿಂಕ್ ಲೈನ್ ಸ್ಟೇಷನ್ ಹತ್ರ ಕೂಲರ್ ಡಬ್ಬದಿಂದ ಬಿಸಿ ತಮಾಲೆ ತೆಗೆದು ಕೊಡೋ ಅಮ್ಮ. ಮೊದಲು ಚೆಕ್ ಜನ ಇದ್ದ ಕಡೆ ಆಮೇಲೆ ಮೆಕ್ಸಿಕನ್ನರು ಬಂದ್ರು, 1960ರ ದಶಕದಲ್ಲಿ ಇಲಿನಾಯ್ ಯೂನಿವರ್ಸಿಟಿ ಕ್ಯಾಂಪಸ್ ಕಟ್ಟೋಕೆ ಒಕ್ಕಲೆಬ್ಬಿಸಿದ ಎಷ್ಟೋ ಕುಟುಂಬ ಇಲ್ಲಿಗೆ ಬಂತು. ಈಗ ಇಲ್ಲಿಂದಾನೂ ಏಳ್ತಿದಾರೆ. ನಾನಿದ್ದಿದ್ದು ಹಳೇ ಟೂ-ಫ್ಲಾಟ್ (ಮಹಡಿಗೊಂದರಂತೆ ಎರಡು ಮನೆ ಇರೋ ಕಟ್ಟಡ) ಕೆಡವದೇ ಒಳಗಷ್ಟೇ ಹೊಸದು ಮಾಡಿದ ಮನೆ, ಬೂದು ಬಣ್ಣದ ನೆಲ, ಬಿಳಿ ಕ್ವಾರ್ಟ್ಸ್ ಕೌಂಟರ್, ಸ್ಟೀಲ್ ಫ್ರಿಜ್, ಬಾಡಿಗೆ 1,800 ಹತ್ರ. ಬೀದಿಲಿ ಜನ ನನ್ನ ನೋಡಿ ಸ್ಪ್ಯಾನಿಶ್‌ನಲ್ಲಿ ಮಾತಾಡಿಸೋರು, ಬಣ್ಣದಲ್ಲಿ ನಾನು ಅವರ ಪೈಕಿನೇ, ಪೇಸ್ಲಿಪ್‌ನಲ್ಲಿ ಮಾತ್ರ ಅವರನ್ನ ಎಬ್ಬಿಸೋರ ಪೈಕಿ. ರೇಸ್ ಮಾತ್ರ ನೋಡಿದ್ರೆ ಈ ಏರಿಯಾ ಅರ್ಥ ಆಗಲ್ಲ, ಕ್ಲಾಸೂ ನೋಡ್ಬೇಕು. ಕೆಳಗಡೆ ಮನೆಯೋರು ಖಾಲಿ ಮಾಡಿದ ಮೇಲೆ ಅಲ್ಲೂ ಅದೇ ಬೂದು ನೆಲ ಬಂತು. ಸಬ್‌ಲೀಸ್ ಮುಗೀತು, ಬಿಟ್ಟೆ.

ನೇಪರ್‌ವಿಲ್ ಅನ್ನೋ ಸಬರ್ಬ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫ್ರೆಂಡ್ ಮನೆ ಬೇಸ್‌ಮೆಂಟಲ್ಲಿದ್ದೆ. ಸ್ಕೂಲ್ ಚೆನ್ನಾಗಿದೆ, ಅರೋರಾ ಬಾಲಾಜಿ ದೇವಸ್ಥಾನ ಹತ್ರ, ವಾಕಿಂಗ್ ಹೋದ್ರೆ ತೆಲುಗು ಕೇಳುತ್ತೆ. ಕಾರಿಲ್ದೇ ಹಾಲೂ ಸಿಗಲ್ಲ. ಇಲ್ಲಿ ಸ್ಕೂಲಿಗೆ ದುಡ್ಡು ಬಹುಪಾಲು ಮನೆ ತೆರಿಗೆಯಿಂದ ಬರೋದ್ರಿಂದ ದುಬಾರಿ ಮನೆ ಇದ್ದ ಕಡೆ ಒಳ್ಳೇ ಸ್ಕೂಲು, ಒಳ್ಳೇ ಸ್ಕೂಲ್ ಇದ್ದ ಕಡೆ ಇನ್ನೂ ದುಬಾರಿ ಮನೆ, ಈ ಚಕ್ರದೊಳಗೆ ಹೊಕ್ಕೋರಿಗೆ ಸ್ವರ್ಗ. ಮಕ್ಕಳಿರೋರು ಹೋಗ್ತಾರೆ, ನಾನು ಬೈಯಲ್ಲ. ಆದ್ರೆ ಅಲ್ಲಿ ಡಿನ್ನರ್ ಟೇಬಲ್ಲಲ್ಲಿ ಕೂತು "ನಾವು ಬರೀ ಸ್ಕೂಲ್ ನೋಡಿ ಬಂದ್ವಿ, ರೇಸ್‌ಗೂ ಇದಕ್ಕೂ ಸಂಬಂಧ ಇಲ್ಲ" ಅಂತಾರಲ್ಲ, ಬೆಂಗಳೂರಲ್ಲಿ "ನಿಮ್ಮ ಮನೆದೇವ್ರು ಯಾವುದು?" ಅಂತ ಕೇಳೋ ಓನರೂ ಅಷ್ಟೇ ಮುಗ್ಧವಾಗಿ ಕೇಳ್ತಾನೆ.

ಕೊನೆಗೆ ನಿಂತಿದ್ದು ರೋಜರ್ಸ್ ಪಾರ್ಕಲ್ಲಿ, ಊರಿನ ಉತ್ತರ ತುದಿ, ರೆಡ್ ಲೈನ್ ರೈಲು ಇದೆ, ಕೆರೆ ದಡ ನಡೆದು ಹೋಗೋಷ್ಟು ಹತ್ರ. ಹಳೇ ಇಟ್ಟಿಗೆಯ ಕೋರ್ಟ್‌ಯಾರ್ಡ್ ಬಿಲ್ಡಿಂಗು, ಒಂದು ಬೆಡ್‌ರೂಮು 1,300 ಚಿಲ್ಲರೆ, ಹೀಟ್ ಸೇರಿ. ಈ ಹೀಟ್ ಸೇರಿ ಅನ್ನೋದು ಸಣ್ಣ ಮಾತಲ್ಲ, ಜನವರಿ ಗ್ಯಾಸ್ ಬಿಲ್ ನೋಡಿದೋರಿಗೆ ಗೊತ್ತು, ರಾತ್ರಿ ರೇಡಿಯೇಟರ್ ಪೈಪು ಯಾರೋ ಸುತ್ತಿಗೆಲಿ ಹೊಡೆದ ಹಾಗೆ ಟಣ್ ಟಣ್ ಅನ್ನುತ್ತೆ, ಒಂದು ವಾರಕ್ಕೆ ಅಭ್ಯಾಸ ಆಗೋಗುತ್ತೆ. ಲಾಂಡ್ರಿ ರೂಮಲ್ಲಿ ನೈಜೀರಿಯಾದ ನರ್ಸು, ಮೆಕ್ಸಿಕನ್ ಅಡುಗೆಯವರು, ಲೊಯೋಲಾ ಯೂನಿವರ್ಸಿಟಿ ಹುಡುಗರು, ಎಲ್ರೂ ಒಂದೇ ಡ್ರೈಯರ್‌ಗೆ ಕಾಯ್ತೀವಿ. 155 ಬಸ್ ಹತ್ತಿದ್ರೆ ಡೆವಾನ್ ಅವೆನ್ಯೂ, ಅದೇ ರಸ್ತೆಗೆ ಗಾಂಧಿ ಮಾರ್ಗ, ಜಿನ್ನಾ ವೇ, ಗೋಲ್ಡಾ ಮೇಯರ್ ಮೂರೂ ಬೋರ್ಡ್ ಇವೆ, ಪಟೇಲ್ ಬ್ರದರ್ಸ್ 1974ರಲ್ಲಿ ಶುರುವಾಗಿದ್ದೂ ಅಲ್ಲೇ. ತಮಾಷೆ ಏನಂದ್ರೆ ಶನಿವಾರ ಅಲ್ಲಿ ಸೋನಾ ಮಸೂರಿ ತಗೊಳ್ಳೋ ಬಹಳಷ್ಟು ಜನ ಸಬರ್ಬಿಂದ ಬಂದೋರು, ಸಂಜೆಗೆ ವಾಪಸ್, ಅವರನ್ನ ಕೇಳಿದ್ರೆ ಇಲ್ಲಿರೋದು ಸೇಫಲ್ಲ ಅಂತಾರೆ. ಹೋವರ್ಡ್ ಸ್ಟೇಷನ್ ಹತ್ರ ರಾತ್ರಿ ಎಚ್ಚರ ಬೇಕು ನಿಜ, ಆದ್ರೆ ಮೆಜೆಸ್ಟಿಕ್ಕಲ್ಲಿ ಕೊನೇ ಬಸ್ಸಿಗೆ ಕಾದೋರಿಗೆ ಇದನ್ನ ಹೇಳಿಕೊಡ್ಬೇಕಾ?

ಇಲ್ಲೂ ಎಲ್ಲ ಸರಿ ಇಲ್ಲ. ಇಲಿನಾಯ್‌ನಲ್ಲಿ 1997ರಿಂದ ಯಾವ ಊರೂ ರೆಂಟ್ ಕಂಟ್ರೋಲ್ ತರೋ ಹಾಗಿಲ್ಲ, ರಿನ್ಯೂವಲ್‌ಗೆ ಎಷ್ಟು ಬೇಕಾದ್ರೂ ಏರಿಸಬಹುದು. ಸರ್ಕಾರದ ಹೌಸಿಂಗ್ ವೌಚರ್ (ಬಡವರ ಬಾಡಿಗೆಗೆ ಸರ್ಕಾರದ ನೆರವು) ಇದೆ ಅನ್ನೋ ಕಾರಣಕ್ಕೆ ಮನೆ ಕೊಡಲ್ಲ ಅನ್ನೋದು 2023ರಿಂದ ಇಡೀ ರಾಜ್ಯದಲ್ಲಿ ಕಾನೂನುಬಾಹಿರ, ಅದಕ್ಕೆ ಈಗ ನೇರವಾಗಿ ಇಲ್ಲ ಅನ್ನಲ್ಲ, ಕ್ರೆಡಿಟ್ ಸ್ಕೋರ್ 700 ಬೇಕು, ಬಾಡಿಗೆಯ ಮೂರು ಪಟ್ಟು ಸಂಬಳ ಬೇಕು ಅಂತಾರೆ. ನನ್ನ ಹತ್ರ ಇಂಡಿಯಾದಿಂದ ಬಂದ ಹೊಸದ್ರಲ್ಲಿ ಕ್ರೆಡಿಟ್ ಸ್ಕೋರೇ ಇರ್ಲಿಲ್ಲ, ಆಫರ್ ಲೆಟರ್ ತೋರ್ಸಿದ್ಕೆ ಸಾಕಾಯ್ತು. ಅದೇ ಕಟ್ಟಡದಲ್ಲಿ ಮನೆ ಕೇಳಿ ಬಂದ, ಇದೇ ಊರಲ್ಲಿ ಹುಟ್ಟಿ ಬೆಳೆದ ಕಪ್ಪು ಹೆಂಗಸೊಬ್ಬರಿಗೆ ಅಷ್ಟು ಸಾಕಾಗ್ಲಿಲ್ಲ.

ಅಡ್ವಾನ್ಸ್ ಬಗ್ಗೆ ಎಲ್ರೂ ಕೇಳ್ತಾರೆ, ಬೆಂಗಳೂರಿನ ಹತ್ತು ತಿಂಗಳ ಕಥೆ ಇಲ್ಲಿಲ್ಲ. ಡೆಪಾಸಿಟ್ ತಗೊಂಡ್ರೆ ಬಡ್ಡಿ ಕೊಡ್ಬೇಕು, ರೂಲ್ ತಪ್ಪಿದ್ರೆ ಎರಡು ಪಟ್ಟು ದಂಡ ಅಂತ ಸಿಟಿ ಆರ್ಡಿನೆನ್ಸ್ ಇರೋದ್ರಿಂದ ಬಹಳ ಓನರ್‌ಗಳು ಡೆಪಾಸಿಟ್ ಬಿಟ್ಟು "ಮೂವ್-ಇನ್ ಫೀ" ಅಂತ ಕೆಲವು ನೂರು ಡಾಲರ್ ಕಿತ್ಕೋತಾರೆ, ಅದು ವಾಪಸ್ ಬರಲ್ಲ. ಸೈನ್ ಹಾಕೋ ಮುಂಚೆ ಅದೆಷ್ಟು, ಹೀಟ್ ಸೇರಿದ್ಯಾ, ಹೋದ ವರ್ಷ ಇದೇ ಮನೆಗೆ ಬಾಡಿಗೆ ಎಷ್ಟಿತ್ತು, ಈ ಮೂರೂ ಕೇಳಿ.