ಅತಿಮಾನುಷ ಶಕ್ತಿ ಪಡೆದ ಸಾಮಾನ್ಯ ಜನರ ಕಥೆಯಾದ ಅಮೆರಿಕದ ಟಿವಿ ಧಾರಾವಾಹಿ ‘ಹೀರೋಸ್’ನ ಮೊದಲ ಸೀಸನ್ ಆಯ್ತು, ಮುಂದೆ ಯಾವುದು?

ಬಿಡುವು ಕಮ್ಮಿಯಿದ್ದರೆ ಎರಡನೇ ಸೀಸನ್. 2007ರ ಬರಹಗಾರರ ಮುಷ್ಕರದಿಂದ ಅದು 11 ಕಂತಿಗೇ ನಿಂತಿತು. ಕಾಲದಲ್ಲಿ ಹಿಂದೆ ಮುಂದೆ ಹೋಗಬಲ್ಲ ಹಿರೋ ನಕಮುರ 1671ರ ಜಪಾನಿನಲ್ಲಿ ಸಿಕ್ಕಿಕೊಳ್ಳುವ ಭಾಗ ಮಾತ್ರ ಸುಮ್ನೆ ಎಳೆದಾಟ.

ಮೂರನೆಯದು 25 ಕಂತು. ತಿರುವುಗಳೇ ಬೇಕೆನ್ನುವವರಿಗೆ ಹಬ್ಬ. ಆದರೆ ಖಳನಾಯಕ ಸೈಲರ್ ಈಗ ಒಳ್ಳೆಯವನು, ಆಮೇಲೆ ಮತ್ತೆ ಕೊಲೆಗಡುಕ. ಯಾವುದನ್ನು ನಂಬೋದು? ಶಕ್ತಿಯಿರುವವರನ್ನು ಸರ್ಕಾರವೇ ಬೇಟೆಯಾಡಲು ಶುರುಮಾಡುವ ಉತ್ತರಾರ್ಧದಲ್ಲಿ ಕಥೆ ಹಳಿಗೆ ಬರುತ್ತದೆ. ತಾಳ್ಮೆಯಿಲ್ಲದಿದ್ದರೆ ಅಲ್ಲಿಂದಲೇ ನೋಡಿ.

ಕಥೆಗಿಂತ ಪಾತ್ರಗಳೇ ಇಷ್ಟ ಅಂದರೆ ನಾಲ್ಕನೆಯದು. ವೇಗ ಕಮ್ಮಿ, ನಿಜ. ಆದರೆ ಜಾತ್ರೆ ತಂಡದ ಸ್ಯಾಮ್ಯುಯೆಲ್ ಇದ್ದಾನಲ್ವಾ! ಸಿಹಿ ಮಾತಾಡುತ್ತಲೇ ಜನರನ್ನು ಒಲಿಸಿಕೊಳ್ಳುತ್ತಾನೆ, ಸಿಟ್ಟು ಬಂದರೆ ನೆಲವೇ ಬಾಯಿಬಿಡುತ್ತದೆ. ನನಗೆ ಅವನೊಬ್ಬನೇ ಸಾಕು. ಎಲ್ಲ ಗಂಟೂ ಬಿಚ್ಚುತ್ತದೆ ಅಂತ ಮಾತ್ರ ಕಾಯಬೇಡಿ. 2010ರಲ್ಲಿ ಧಾರಾವಾಹಿಯನ್ನೇ ನಿಲ್ಲಿಸಿದರು.