ಗೊರಕೆ ಎಂದು ಸುಮ್ಮನಿದ್ದೆವು, ಮಗಳ ಕಿವಿ ಮಂದವಾಗಿತ್ತು

ನಿಮ್ಮ ಮನೆಯ ಚಿಕ್ಕ ಮಗು ನೆಗಡಿ ಇಲ್ಲದಿದ್ದಾಗಲೂ ಬಾಯಿ ತೆರೆದು ಮಲಗುತ್ತಿದ್ದರೆ, ದಿನವೂ ಗೊರಕೆ ಹೊಡೆಯುತ್ತಿದ್ದರೆ ದಯವಿಟ್ಟು ಇದನ್ನು ಓದಿ. ನಾವು ಹದಿನಾಲ್ಕು ತಿಂಗಳು ಕಳೆದುಕೊಂಡೆವು.

ಮಗಳಿಗೆ ಆಗ ಐದು ವರ್ಷ. ‘ಅಪ್ಪನ ಗೊರಕೆಯೇ ಬಂದಿದೆ, ಬಿಡಮ್ಮ’ ಎಂದರು ಅತ್ತೆ. ದೊಡ್ಡಪತ್ರೆ ರಸ, ಕರಿಮೆಣಸಿನ ಕಷಾಯ ಎಲ್ಲವೂ ಆಯಿತು. ಹತ್ತಿರದ ಕ್ಲಿನಿಕ್ಕಿನ ವೈದ್ಯರು ಬಾಯಿಗೆ ಟಾರ್ಚ್ ಬಿಟ್ಟು ನೋಡಿ ‘ಟಾನ್ಸಿಲ್ ಚೆನ್ನಾಗಿಯೇ ಇದೆ’ ಎಂದು ಆಂಟಿಬಯಾಟಿಕ್ ಬರೆದರು. ಹೀಗೆ ಮೂರು ಸಲ. ತೊಂದರೆ ಇದ್ದದ್ದು ಅಡೆನಾಯ್ಡ್‌ನಲ್ಲಿ. ಟಾನ್ಸಿಲ್‌ನಂಥದೇ ಮೆತ್ತನೆಯ ಗಡ್ಡೆ ಅದು. ಇರುವುದು ಮೂಗಿನ ಹಿಂದೆ, ಅಂಗುಳದ ಮೇಲುಗಡೆ. ಬಾಯಿ ಎಷ್ಟು ಅಗಲಿಸಿದರೂ ಟಾರ್ಚ್ ಬೆಳಕಿಗೆ ಅದು ಕಾಣುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ.

ಅತಿ ದೊಡ್ಡ ತಪ್ಪು ನನ್ನದು. ಔಷಧಿ ಅಂಗಡಿಯಲ್ಲಿ ಮೂಗು ಕಟ್ಟಿದ್ದಕ್ಕೆ ಹನಿ ಕೇಳಿ ತಂದೆ. ಹಾಕಿದ ಐದೇ ನಿಮಿಷಕ್ಕೆ ಮೂಗು ತೆರೆಯುತ್ತಿತ್ತು, ಮಗು ನೆಮ್ಮದಿಯಾಗಿ ಮಲಗುತ್ತಿತ್ತು. ನಾಲ್ಕು ತಿಂಗಳು ಅದನ್ನೇ ಹಾಕಿದೆ. ಅದು ಕ್ಸೈಲೊಮೆಟಾಜೊಲಿನ್. ನೆಗಡಿಯ ಕೆಲವೇ ದಿನಗಳಿಗೆಂದು ಇರುವ ಔಷಧಿ. ದೀರ್ಘಕಾಲ ಹಾಕಿದರೆ ಅದರಿಂದಲೇ ಮೂಗಿನ ಒಳಪದರ ಊದಿ ಮತ್ತಷ್ಟು ಕಟ್ಟಿಕೊಳ್ಳುತ್ತದೆ. ಸಾಲದೆಂಬಂತೆ ನನ್ನ ಕೈಯಲ್ಲಿದ್ದದ್ದು ದೊಡ್ಡವರಿಗೆ ಕೊಡುವ ಶೇ 0.1ರ ಬಾಟಲಿ. ಮಕ್ಕಳದ್ದು ಶೇ 0.05. ಈಗಲೂ ಆ ಬಾಟಲಿ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಷ್ಟರಲ್ಲಿ ಶಾಲೆಯ ಡೈರಿಯಲ್ಲಿ ಬರಹ ಬಂತು: ‘ಪಾಠದ ಕಡೆ ಗಮನವಿಲ್ಲ. ಕರೆದರೆ ತಿರುಗಿ ನೋಡುವುದಿಲ್ಲ.’ ನಾನು ಬೈದೆ. ಟಿವಿಯ ಸದ್ದು ಹೆಚ್ಚಿಸಿದ್ದಕ್ಕೆ ಒಂದು ದಿನ ಕೈಯ ಮೇಲೆ ಹೊಡೆದೆ ಕೂಡ. ಅವಳು ಅಳುತ್ತಾ ‘ಕೇಳಿಸಲಿಲ್ಲಮ್ಮ’ ಎಂದಳು. ಅದನ್ನು ನೆಪ ಎಂದುಕೊಂಡೆ.

ಒಂದು ರಾತ್ರಿ ಗೊರಕೆ ಗಕ್ಕನೆ ನಿಂತಿತು. ಎದೆ ಏರಿಳಿಯುತ್ತಿದೆ, ಉಸಿರಿನ ಸದ್ದಿಲ್ಲ. ಕೆಲವು ಕ್ಷಣಗಳ ನಂತರ ಬೆಚ್ಚಿಬಿದ್ದಂತೆ ಗಾಳಿ ಎಳೆದುಕೊಂಡಳು. ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಮರುದಿನ ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ ಓಡಿದೆವು. ಅವರು ಆ ವಿಡಿಯೊ ನೋಡಿ, ಕತ್ತಿನ ಪಕ್ಕದಿಂದ ಎಕ್ಸ್‌ರೇ ತೆಗೆಸಿ, ನಾವು ಕೇಳದೆಯೇ ಕಿವಿಯ ಪರೀಕ್ಷೆ ಮಾಡಿಸಿದರು. ಕಿವಿತಮಟೆಯ ಪರೀಕ್ಷೆಯ ಕಾಗದದಲ್ಲಿ ಗುಡ್ಡದಂತೆ ಏಳಬೇಕಿದ್ದ ಗೆರೆ ಎರಡೂ ಕಿವಿಗೆ ಚಪ್ಪಟೆಯಾಗಿ ಮಲಗಿತ್ತು. ಮೂಗಿನ ಹಿಂಭಾಗದಿಂದ ಕಿವಿಯೊಳಗೆ ಗಾಳಿ ಒಯ್ಯುವ ಸಣ್ಣ ನಾಳದ ಬಾಯಿಗೆ ಊದಿದ ಅಡೆನಾಯ್ಡ್ ಅಡ್ಡಬಿದ್ದು, ತಮಟೆಯ ಹಿಂದೆ ಅಂಟುದ್ರವ ತುಂಬಿಕೊಂಡಿತ್ತು. ಸುಮಾರು 35 ಡೆಸಿಬಲ್‌ನಷ್ಟು ಶ್ರವಣ ಕಡಿಮೆ. ನಾವು ಪಿಸುಗುಟ್ಟಿದ ಒಂದು ಮಾತೂ ಅವಳಿಗೆ ತಲುಪುತ್ತಿರಲಿಲ್ಲ. ನೋವಾಗಲಿ, ಸೋರುವುದಾಗಲಿ ಇರಲಿಲ್ಲ. ಅದಕ್ಕೇ ಯಾರಿಗೂ ತಿಳಿಯಲಿಲ್ಲ. ಮನೆಯಲ್ಲಿ ಕಿವಿಗೆ ಬಿಟ್ಟ ಬೆಚ್ಚಗಿನ ಎಣ್ಣೆ ತಮಟೆಯ ಈಚೆಗೇ ನಿಂತಿತ್ತು.

ಈ ನಂಟು ಹೊಸದಾಗಿ ಪತ್ತೆಯಾದದ್ದೇನಲ್ಲ. ಅಡೆನಾಯ್ಡ್ ಬೆಳೆದರೆ ಕಿವಿ ಮಂದವಾಗುತ್ತದೆ ಎಂದು ಕೋಪನ್‌ಹೇಗನ್‌ನ ವೈದ್ಯ ವಿಲ್ಹೆಲ್ಮ್ ಮೇಯರ್ 1868ರಲ್ಲೇ ಬರೆದಿದ್ದರು.

ಅಡೆನಾಯ್ಡ್ ಎಂದೊಡನೆ ಆಪರೇಷನ್ನಿಗೆ ಧಾವಿಸಬೇಕಿಲ್ಲ. ಹದಿಹರೆಯದ ಹೊತ್ತಿಗೆ ಅದು ತಾನಾಗಿಯೇ ಕುಗ್ಗುತ್ತದೆ, ಸೌಮ್ಯವಾಗಿದ್ದರೆ ಕಾದು ನೋಡುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗನಿಗೆ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇಯಿಂದಲೇ ಗುಣವಾಯಿತು. ಅದು ಹಾಕಿದ ಕೂಡಲೇ ಮೂಗು ಬಿಡಿಸುವುದಿಲ್ಲ, ವಾರಗಟ್ಟಲೆ ತಪ್ಪದೆ ಹಾಕಬೇಕು. ನನ್ನಂತೆ ಅಂಗಡಿಯ ಹನಿಯನ್ನೂ ಈ ಸ್ಪ್ರೇಯನ್ನೂ ಒಂದೇ ಎಂದುಕೊಳ್ಳಬೇಡಿ. ಆದರೆ ನಿದ್ರೆಯಲ್ಲಿ ಉಸಿರು ಕಟ್ಟುತ್ತಿದ್ದರೆ, ಕಿವಿಯ ದ್ರವ ಮೂರು ತಿಂಗಳಾದರೂ ಇಳಿಯದೆ ಕೇಳಿಸುವುದು ಕಡಿಮೆಯಾಗಿದ್ದರೆ ಮಾತು ಬೇರೆ. ನಮಗೆ ಆರು ವಾರ ಸ್ಪ್ರೇ ಹಾಕಿಸಿ ಮತ್ತೆ ಪರೀಕ್ಷಿಸಿದರು. ಗೆರೆ ಚಪ್ಪಟೆಯಾಗಿಯೇ ಇತ್ತು. ಅರಿವಳಿಕೆ ಕೊಟ್ಟು ಅಡೆನಾಯ್ಡ್ ತೆಗೆದು, ತಮಟೆಗೆ ಗ್ರೋಮೆಟ್ ಎಂಬ ಪುಟ್ಟ ಕೊಳವೆ ಕೂರಿಸಿದರು. ಒಂದು ವಾರ ಬಾಯಿ ವಾಸನೆ ಇತ್ತು, ಮೆತ್ತಗಿನ ಅನ್ನ ಕೊಟ್ಟೆವು, ಅಷ್ಟೇ.

ಮೂರನೇ ದಿನ ಅಡುಗೆಮನೆಯಿಂದ ಎಂದಿನಂತೆ ಊಟಕ್ಕೆ ಕೂಗಿದೆ. ಬಾಗಿಲಿಗೆ ಬಂದು ನಿಂತು, ‘ಯಾಕಮ್ಮ ಅಷ್ಟು ಜೋರಾಗಿ ಕೂಗುತ್ತೀಯ?’ ಎಂದು ಕೇಳಿದಳು.

ಪರೀಕ್ಷೆಯ ಕಾಗದಗಳನ್ನು ಶಿಕ್ಷಕಿಗೆ ತೋರಿಸಿ ಎಲ್ಲವನ್ನೂ ಹೇಳಿದೆ. ಅವರು ಬಹಳ ನೊಂದುಕೊಂಡರು. ಮರುವಾರವೇ, ಸದಾ ಬಾಯಿ ತೆರೆದು ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗನೊಬ್ಬನ ತಾಯಿಯನ್ನು ಕರೆಸಿ ಮಾತನಾಡಿದ್ದಾರೆ.