ಎಲಾಸ್ಟಿಕ್ ಹಗ್ಗದ ತುದಿಗೆ ಹೀಟ್ ಶ್ರಿಂಕ್ ಟ್ಯೂಬ್: ಒಳಗೆ ಅಂಟು ಇರುವುದನ್ನೇ ತಗೊಳ್ಳಿ

ಟೆಂಟ್ ಕೋಲಿನ ಒಳಗೆ, ಬ್ಯಾಗಿನ ಮಳೆ ಕವರಿನ ಅಂಚಿನಲ್ಲಿ ದುಂಡು ಎಲಾಸ್ಟಿಕ್ ಹಗ್ಗ ಇರುತ್ತದಲ್ಲ, ಅದನ್ನು ಕತ್ತರಿಸಿದರೆ ಸಾಕು, ತುದಿ ಪೊರಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಒಳಗಿನ ರಬ್ಬರ್ ಎಳೆಗಳು ಹಿಂದಕ್ಕೆ ಜಾರಿ, ಹೊರಗಿನ ಹೆಣಿಗೆ ಮಾತ್ರ ಪೊಳ್ಳಾಗಿ ಉಳಿಯುತ್ತದೆ. ಇದಕ್ಕೆ ನಾನು ಬಳಸುತ್ತಿರುವುದು ವೈರಿಂಗ್ ಕೆಲಸದ ಹೀಟ್ ಶ್ರಿಂಕ್ ಟ್ಯೂಬ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನನಗಂತೂ ತುಂಬಾ ಹಿಡಿಸಿದೆ.

ಸುಮ್ನೆ ಲೈಟರ್ ಹಿಡಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಹೊರಗಿನ ಹೆಣಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿದ್ದರೆ ಕರಗಿ ಕೂಡಿಕೊಳ್ಳುತ್ತದೆ, ನಿಜ. ಆದರೆ ಒಳಗಿನ ರಬ್ಬರ್ ಹಾಗೆ ಕರಗಿ ಅಂಟುವುದಿಲ್ಲ, ಸುಟ್ಟು ನಾರುತ್ತದೆ. ಹತ್ತಿ ಹೊದಿಕೆಯಾದರೆ ಬರೀ ಬೂದಿ. ಸೂಪರ್ ಗ್ಲೂ ಚೆನ್ನಾಗಿ ಹಿಡಿಯುತ್ತದೆ, ಆದರೆ ತುದಿ ಕಡ್ಡಿಯ ಹಾಗೆ ಗಟ್ಟಿಯಾಗಿ, ಮಡಚಿದಾಗ ಬಿರುಕು ಬಿಡುತ್ತದೆ. ಹತ್ತಿಗೆ ತಾಗಿದರೆ ಅದು ಜೋರಾಗಿ ಬಿಸಿಯಾಗುತ್ತದೆ, ಬೆರಳು ಜೋಪಾನ.

ಟ್ಯೂಬಿನಲ್ಲಿ ಎರಡು ಬಗೆ. ಸಾದಾ ಟ್ಯೂಬ್ ಅರ್ಧದಷ್ಟಕ್ಕೆ ಕುಗ್ಗುತ್ತದೆ, ವೈರಿಗೆ ಅಷ್ಟು ಸಾಕು. ಎಲಾಸ್ಟಿಕ್‌ಗೆ ಸಾಲದು, ಯಾಕಂದರೆ ಎಳೆದಾಗ ಹಗ್ಗವೇ ಸಣ್ಣಗಾಗುತ್ತದೆ, ಆಗ ಹಿಡಿತ ಸಡಿಲವಾಗಿ ಟ್ಯೂಬ್ ಮೆಲ್ಲಗೆ ಕಳಚಿ ಬರುತ್ತದೆ. ಒಳಗೆ ಅಂಟಿನ ಪದರ ಇರುವುದು ಹೆಚ್ಚಾಗಿ 3:1 ಅಳತೆಯಲ್ಲಿ, ಅಂದರೆ ಮೂರನೇ ಒಂದರಷ್ಟಕ್ಕೆ ಕುಗ್ಗುವಂತೆ ಬರುತ್ತದೆ. ಬಿಸಿಗೆ ಆ ಅಂಟು ಕರಗಿ ಹೆಣಿಗೆಯೊಳಗೆ ಇಳಿದು ಎಳೆಗಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಬೆಲೆ ಜಾಸ್ತಿ, ಆದರೆ ಒಂದು ತುದಿಗೆ ಬೇಕಾಗುವುದು 2 ಸೆಂಟಿಮೀಟರ್ ಅಷ್ಟೇ. 4 ಮಿ.ಮೀ. ಹಗ್ಗಕ್ಕೆ 6 ಮಿ.ಮೀ. ಟ್ಯೂಬ್ ಸರಿಹೋಗುತ್ತದೆ. ಲೇಬಲ್ಲಿನಲ್ಲಿರುವುದು ಕುಗ್ಗುವ ಮೊದಲಿನ ಅಳತೆ, ಅದನ್ನು ನೋಡಿಕೊಂಡೇ ಕೊಳ್ಳಿ.

ಕತ್ತರಿಸುವ ಮೊದಲು ಆ ಜಾಗಕ್ಕೆ ತೆಳ್ಳಗಿನ ಟೇಪ್ ಬಿಗಿಯಾಗಿ ಸುತ್ತಿ, ಟೇಪಿನ ನಟ್ಟನಡುವೆ ಚೂಪಾದ ಬ್ಲೇಡ್‌ನಿಂದ ಕತ್ತರಿಸಿ, ಆಗ ರಬ್ಬರ್ ಒಳಗೆ ಓಡಿಹೋಗುವುದಿಲ್ಲ. ಮೇಲೆ ಟ್ಯೂಬ್ ತೊಡಿಸಿ ಬಿಸಿ ಮಾಡಿ. ಹಾಟ್ ಏರ್ ಗನ್ ಇದ್ದರೆ ಒಳ್ಳೆಯದು. ಲೈಟರ್ ಆದರೆ ಉರಿ ತಾಗಿಸದೆ, ದೂರದಿಂದ ಆಡಿಸುತ್ತಾ ಇರಿ. ತುದಿಯಲ್ಲಿ ಅಂಟು ಸ್ವಲ್ಪ ಉಕ್ಕಿ ಹೊರಬಂದರೆ ಕೆಲಸ ಆಯಿತು. ತಣ್ಣಗಾಗುವವರೆಗೆ ಎಳೆಯಬೇಡಿ.

ಎಳೆತದ ಭಾರ ಹೊರುವುದು ಟ್ಯೂಬಿನ ಕೆಲಸವಲ್ಲ, ಅದಕ್ಕೆ ಗಂಟೇ ಬೇಕು. ಹಗ್ಗ ಸಣ್ಣ ತೂತಿನಲ್ಲಿ ತೂರಬೇಕಾದ ಕಡೆಯೂ ಇದು ದಪ್ಪವಾಗುತ್ತದೆ. ಅಂಥ ಕಡೆ ಗಟ್ಟಿ ಪಾಲಿಯೆಸ್ಟರ್ ದಾರವನ್ನು ಒತ್ತೊತ್ತಾಗಿ ಸುತ್ತಿ, ಕೊನೆಯನ್ನು ಸುತ್ತಿನ ಅಡಿಯಿಂದಲೇ ಎಳೆದು ಬಿಗಿದರೆ ಚೆನ್ನಾಗಿ ನಿಲ್ಲುತ್ತದೆ.